ಕೆಂಪು ಚುಕ್ಕೆ

ಏಳು ತಿಂಗಳು ತುಂಬಿದರೂ ಮಗು ಯಾರ ಮುಖ ನೋಡಿಯೂ ನಕ್ಕಿರಲಿಲ್ಲ. ಕಣ್ಣು ಕಾಣುತ್ತದೆಯೋ ಇಲ್ಲವೋ ಎಂದು ಮಾತು ಬಾರದ ಕೂಸನ್ನು ಕೇಳುವುದಾದರೂ ಹೇಗೆ? ಒಳಗೊಳಗೇ ಬೇಯುತ್ತಿದ್ದ ಸಿದ್ದಲಿಂಗಮ್ಮ, ಸೊಸೆಯನ್ನೂ ಮೊಮ್ಮಗನನ್ನೂ ಕರೆದುಕೊಂಡು ದೊಡ್ಡಾಸ್ಪತ್ರೆಗೆ ಬಂದಿದ್ದರು.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೊಸೆ ಟಿವಿಯಂಥ ಪರದೆಯ ಎದುರು ಕುಳಿತಳು. ಹೊಸ ನರ್ಸು ಅಜ್ಜಿಗೆ ಪಕ್ಕದ ಕಂಪ್ಯೂಟರ್ ತೋರಿಸಿ, "ಕಣ್ಣು ಎಲ್ಲಿ ನೋಡುತ್ತೋ ಅಲ್ಲಿಗೆ ಈ ಕೆಂಪು ಚುಕ್ಕೆ ಹೋಗುತ್ತೆ" ಎಂದಳು.

ಪರದೆಯಲ್ಲಿ ಗಿಳಿ ಹಾರಿತು. ಚುಕ್ಕೆ ಅದರ ಬೆನ್ನಿಗೇ ಹೋಯಿತು. ಚೆಂಡು ಉರುಳಿತು, ಚುಕ್ಕೆಯೂ ಜೊತೆಗೆ ಉರುಳಿತು. ಅಜ್ಜಿಗೆ ಹೋದ ಜೀವ ಬಂದಂತಾಯಿತು.

"ಕಾಣ್ತೈತೆ ಕಣೇ ಕೋಮ್ಲಾ! ಥೇಟ್ ಅವರಜ್ಜನ ಹದ್ದಿನ ಕಣ್ಣು, ಒಂದ್ನೂ ಬಿಡಾಕಿಲ್ಲ!"

"ನಿಜವಾ ಅತ್ತೆ?"

"ನಿನ್ನಾಣೆ! ಕುರುಡು ಅಂದೋರ ಬಾಯಿಗೆ ಮಣ್ಣು ಬೀಳ!"

ಅಷ್ಟರಲ್ಲಿ ಒಳಗೆ ಬಂದ ಡಾಕ್ಟರು ಚುಕ್ಕೆಯನ್ನು ನೋಡಿದರು, ಸೊಸೆಯ ಮುಖ ನೋಡಿದರು.

"ತಾಯಿಗೆ ಕಪ್ಪು ಕನ್ನಡಕ ಯಾಕೆ ಹಾಕಿಲ್ಲ?"

ನರ್ಸು ನಾಲಿಗೆ ಕಚ್ಚಿಕೊಂಡಳು.

"ಅವಳಿಗ್ಯಾಕೆ ಸ್ವಾಮಿ ಕನ್ನಡಕ? ಪರೀಕ್ಷೆ ಮಗೀಗಲ್ವಾ?" ಎಂದರು ಅಜ್ಜಿ.

"ಎದುರಿಗೆ ಎರಡು ಜೊತೆ ಕಣ್ಣಿದ್ರೆ ಯಾರದು ಅಂತ ಯಂತ್ರಕ್ಕೆ ಗೊತ್ತಾಗಲ್ಲ ಅಜ್ಜಿ. ನೀವು ಸ್ವಲ್ಪ ಹೊತ್ತು ಕಣ್ಣು ಮುಚ್ಕೊಳ್ಳಿ ಅಮ್ಮ."

ಸೊಸೆ ಬಿಗಿಯಾಗಿ ಕಣ್ಣು ಮುಚ್ಚಿದಳು. ಮಗು ಕಣ್ಣರಳಿಸಿಕೊಂಡೇ ಕುಳಿತಿತ್ತು.

ಪರದೆಯ ಮೇಲೆ ಬಣ್ಣದ ಚಿಟ್ಟೆಯೊಂದು ಈ ತುದಿಯಿಂದ ಆ ತುದಿಗೆ ಹಾರಿತು. ಚುಕ್ಕೆ ನಿಂತಲ್ಲೇ ನಿಂತಿತ್ತು.