ಮಗಳು ದೊಡ್ಡವಳಾದ ದಿನ

ಮೇಜಿನ ಆಚೆ ಬದಿಗೆ ಬಂದು ಕುಳಿತವಳನ್ನು ನೋಡಿ ಯೊಂಜು ಬೆಚ್ಚಿದಳು. ತಾವಿರುವ ಕಟ್ಟಡದ ಕೆಳಗೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಮಿರಾನ್. ಮದುವೆಯನ್ನೇ ಆಗದವಳು. ಇಲ್ಲಿಗೆ ಕರೆದಿದ್ದು ಮಾತ್ರ ಈಚೆಗೆ ಮೈನೆರೆದ ಹುಡುಗಿಯರ ತಾಯಂದಿರನ್ನು.

ಬುಸಾನಿನ ಆ ಕಚೇರಿಯಲ್ಲಿ ಎಂಟು ಹೆಂಗಸರು ಸೇರಿದ್ದರು. ಎಳೆಯ ಹುಡುಗಿಯರಿಗೆಂದೇ ಹೊಸ ಪ್ಯಾಡ್ ತರಲಿರುವ ಕಂಪನಿಯವರು ಕನ್ನಡಿಯಂಥ ಗಾಜಿನ ಹಿಂದೆ ಕುಳಿತು ಇವರ ಮಾತು ಕೇಳುತ್ತಿದ್ದರು. ಎರಡು ಗಂಟೆ ಮಾತಾಡಿದರೆ ಎಪ್ಪತ್ತು ಸಾವಿರ ವೊನ್. ಬಂದವರು ಒಬ್ಬರಿಗೊಬ್ಬರು ಪರಿಚಯದವರಾಗಿರಬಾರದು ಎಂಬ ನಿಯಮ ಬೇರೆ. ಮಿರಾನ್ ಕೂಡ ಬೆಚ್ಚಿದ್ದು ಕಂಡಿತು. ಇಬ್ಬರೂ ಒಟ್ಟಿಗೇ ಕಣ್ಣು ತಪ್ಪಿಸಿದರು. ಅವಳ ಗುಟ್ಟು ಬಿಟ್ಟುಕೊಡುವ ಹಾಗೂ ಇರಲಿಲ್ಲ, ಏಕೆಂದರೆ ಯೊಂಜುವೂ ಸುಳ್ಳು ಹೇಳಿಯೇ ಬಂದಿದ್ದಳು. ಹನ್ನೊಂದು ವರ್ಷದ ಮಗಳು ಸೋಯುಲ್ ಇನ್ನೂ ದೊಡ್ಡವಳಾಗಿರಲಿಲ್ಲ. ಫೋನಿನಲ್ಲಿ ಕೇಳಿದಾಗ ಆಗಿದ್ದಾಳೆ ಎಂದುಬಿಟ್ಟಿದ್ದಳು.

ಮೊದಲ ಸರದಿ ಯೊಂಜುವಿನದೇ ಬಂತು. ಮಗಳು ಓಡಿಬಂದು ತಬ್ಬಿಕೊಂಡಿದ್ದು, ಅವಳಪ್ಪ ಹೂಗುಚ್ಛ ತಂದಿದ್ದು, ಮೂವರೂ ಕೂತು ಸ್ಟ್ರಾಬೆರಿ ಕೇಕ್ ಕತ್ತರಿಸಿದ್ದು, ಎಲ್ಲವನ್ನೂ ಬಸ್ಸಿನಲ್ಲಿ ಬರುತ್ತಾ ಕಟ್ಟಿಕೊಂಡಿದ್ದಳು. ಸರಾಗವಾಗಿ ಹೇಳಿ, "ನನ್ನ ಮಗಳು ನನ್ನ ಹತ್ರ ಏನೂ ಮುಚ್ಚಿಡಲ್ಲ" ಎಂದು ಮುಗಿಸಿದಳು. ಉಳಿದವರು ತಲೆದೂಗಿದರು. ಮಿರಾನ್ ಮಾತ್ರ ಭಾರ ಇಳಿಸಿದವಳಂತೆ ನಿಟ್ಟುಸಿರು ಬಿಟ್ಟಳು.

ಮಿರಾನ್‌ಳ ಸರದಿ ಬಂದಾಗ ಅವಳು ತಡವರಿಸುತ್ತಲೇ ಶುರುಮಾಡಿದಳು. ಏಪ್ರಿಲ್ ತಿಂಗಳಂತೆ. ಮಗಳು ಶಾಲೆಯಿಂದ ಬಂದವಳು ಸೊಂಟಕ್ಕೆ ಹಳದಿ ಜಾಕೆಟ್ ಸುತ್ತಿಕೊಂಡು, ಅಂಗಡಿಯಲ್ಲಿ ನೇತುಹಾಕಿದ್ದ ಕೋಟುಗಳ ಹಿಂದೆ ಅವಿತು ನಿಂತಿದ್ದಳಂತೆ. ತಾನೇ ಪ್ಯಾಡ್ ತಂದು ಹೇಳಿಕೊಟ್ಟು, ಜಾಕೆಟ್ ಒಗೆದು ಇಸ್ತ್ರಿ ಹಾಕಿ ಕೊಟ್ಟೆ ಎಂದಳು. ಮಗಳಿಗೆ ಖುಷಿಯಾಯಿತೇ ಎಂದು, ಎಲ್ಲರನ್ನೂ ಮಾತಾಡಿಸಲು ಕಂಪನಿಯವರು ಕೂರಿಸಿದ್ದಾಕೆ ಕೇಳಿದಳು.

"ಎಲ್ಲಿ ಖುಷಿ? ಯಾರಿಗೂ ಹೇಳಬೇಡ ಅಂತ ಬಿಕ್ಕಿಬಿಕ್ಕಿ ಅತ್ತಳು. ತಪ್ಪು ನನ್ನದೇ. ಪ್ರತಿ ಭಾನುವಾರ ಗೋಡೆಗೆ ನಿಲ್ಸಿ ಎತ್ತರ ಅಳೀತಿದ್ದೆ. ಒಂದೂವರೆ ಮೀಟರ್ ಆಗೋ ತನಕ ಮುಟ್ಟಾಗಬಾರದು, ಆದ್ರೆ ಕುಳ್ಳಿಯಾಗೇ ಉಳೀತೀಯ ಅಂತಿದ್ದೆ. ಇನ್ನೂ ಐದು ಸೆಂಟಿಮೀಟರ್ ಬಾಕಿ ಇತ್ತು. ಅದಕ್ಕೇ ಹೆದರಿಬಿಟ್ಟಳು, ಪಾಪ."

ಅಷ್ಟೂ ಯೊಂಜು ತನ್ನ ಮಗಳಿಗೆ ಹೇಳುತ್ತಿದ್ದ ಮಾತು. ಆ ಗೋಡೆ ಅವಳ ಅಡುಗೆಮನೆಯದು. ಇಸ್ತ್ರಿಯಾಗಿ ಬಂದಿದ್ದ ಹಳದಿ ಜಾಕೆಟ್ ನೋಡಿ, ಹುಡುಗಿಗೆ ಜವಾಬ್ದಾರಿ ಬಂತು ಎಂದು ಗಂಡನ ಮುಂದೆ ಹೊಗಳಿದ್ದಳು. ಈಗ ಸೆಪ್ಟೆಂಬರ್. ಐದು ತಿಂಗಳಿಂದ ಮಗು ಒಂದೇ ಮನೆಯಲ್ಲಿದ್ದು, ಒಂದೇ ಬಚ್ಚಲು ಬಳಸಿ, ಇದನ್ನು ಮುಚ್ಚಿಟ್ಟುಕೊಂಡು ಬಂದಿತ್ತು. ಮೊನ್ನೆ ಭಾನುವಾರವೂ ಉಸಿರು ಬಿಗಿಹಿಡಿದು ಗೋಡೆಗೆ ನಿಂತಿತ್ತು.

ಮುಂದೆ ಯಾರು ಏನಂದರೋ ಅವಳಿಗೆ ಕೇಳಿಸಲಿಲ್ಲ. ಎಲ್ಲ ಮುಗಿದು ಮೆಟ್ಟಿಲಿಳಿಯುವಾಗ ಮಿರಾನ್ ಹಿಂದಿನಿಂದ ಬಂದು ಕೈ ಹಿಡಿದುಕೊಂಡಳು.

"ಸೋಯುಲ್ ಅಮ್ಮ, ಬೇಜಾರು ಮಾಡ್ಕೋಬೇಡ. ಮಗಳಿದ್ದಾಳಾ ಅಂತ ಕೇಳಿದ್ರು, ಹೂಂ ಅಂದುಬಿಟ್ಟೆ. ಹೋಗಲಿ, ಕೊನೆಗೂ ಅವಳು ನಿನಗೆ ಹೇಳಿದಳಲ್ಲ. ಕೇಕ್ ಬೇರೆ ಕತ್ತರಿಸಿದ್ದೀರ. ಕೇಳಿ ಜೀವಕ್ಕೆ ಸಮಾಧಾನ ಆಯ್ತು."

ಯೊಂಜು ಗೋಡೆಗೆ ಒರಗಿದಳು. "ಅಕ್ಕ, ಅವತ್ತು ಅವಳಿಗೆ ತುಂಬಾ ಹೊಟ್ಟೆ ನೋಯ್ತಿತ್ತಾ?" ಎಂದಳು.

ಮಿರಾನ್‌ಳ ನಗು ಮುಖದಲ್ಲೇ ಒಣಗಿತು. ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟಳು.

"ಮನೆಗೆ ಹೋಗಿ ಏನೂ ಕೇಳಬೇಡ. ಅವಳಾಗೇ ಹೇಳಲಿ. ನಾನು ಬಾಯಿಬಿಟ್ಟೆ ಅಂತ ಗೊತ್ತಾದ್ರೆ, ಹೇಳ್ಕೊಳ್ಳೋಕೆ ಆ ಮಗುವಿಗೆ ಇನ್ಯಾರೂ ಉಳಿಯಲ್ಲ."