ಅತ್ತೆ, ಅಳಿಯ, ಕೋಳಿ

ಕಸೇರ ಬಂದು ಮಾವಿನ ಮರದ ಕೆಳಗೆ ಕೂತಾಗ ಅಂಗಳದಲ್ಲಿ ಕೋಳಿ ಕಾಣಲಿಲ್ಲ.

ಕೋಳಿ ಇಲ್ಲದೆ ಅವನು ಮಾತಾಡುವಂತಿರಲಿಲ್ಲ. ಮಣ್ಣಿನ ಗೋಡೆಯ ಆಚೆ ಹಾಸಿಗೆ ಹಿಡಿದವಳು ಅವನ ಅತ್ತೆ ನ್ಯಾಮಿಸಿ. ಅವರ ಕಟ್ಟಳೆಯಂತೆ ಅತ್ತೆ-ಅಳಿಯ ಮುಖ ನೋಡಬಾರದು, ನೇರ ಮಾತಾಡಬಾರದು. ಹೆಂಡತಿ ಇರುವತನಕ ಅವಳೇ ಇಬ್ಬರ ಮಾತನ್ನೂ ಆಚೀಚೆ ಸಾಗಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಸರೋವರದ ನಡುವಿನ ದ್ವೀಪದ ಆ ಊರಲ್ಲಿ ಅವರ ಹಳೆಯ ಸುಬಾ ಮಾತು ಬಲ್ಲವರು ಈ ಇಬ್ಬರೇ. ಮಕ್ಕಳು ಮೊಮ್ಮಕ್ಕಳು ಆಡುವುದೆಲ್ಲ ಸುತ್ತಲಿನ ದೊಡ್ಡ ಭಾಷೆ ಲುವೊ. ಸರೋವರದ ಆಚೆ, ಉಗಾಂಡದಲ್ಲಿ, ಸುಬಾಕ್ಕೆ ಅಕ್ಕತಂಗಿಯರಂಥ ಭಾಷೆಗಳಿವೆ. ಮೀನು ಕೊಳ್ಳಲು ಬಂದ ಅಲ್ಲಿಯವನೊಬ್ಬನ ಜೊತೆ ಕಸೇರ ಒಮ್ಮೆ ಮಾತಾಡಿ ನೋಡಿದ್ದ. ಅವನು ಅರ್ಧ ಮಾತಿಗೆ ತಲೆಯಾಡಿಸಿದ, ಉಳಿದರ್ಧಕ್ಕೆ ಸಿರಿವಂತ ನೆಂಟನಂತೆ ನಕ್ಕು ಹೋದ.

ಹಾಗಾಗಿ ಮಾತು ಸಾಗಿಸಲು ಕೋಳಿ. ರೋಗ ಬಂದು ಎಲ್ಲ ಸತ್ತ ಮೇಲೆ ಉಳಿದ ಒಂಟಿ ಹೇಂಟೆ. ಅತ್ತೆ ಒಳಗಿನಿಂದ ಕರೆಯುವಳು. ಹೊರಗೆ ಅದು 'ಕೊಕ್' ಎಂದರೆ ಅಳಿಯ ಬಂದು ಕಾಳು ಹಾಕುತ್ತಿದ್ದಾನೆಂದು ಅರ್ಥ.

"ಕೋಳೀ, ಅಳಿಯಂದಿರ ಕೆಮ್ಮು ಹೇಗಿದೆ ಕೇಳೇ."

"ಕೋಳೀ, ಕೆಮ್ಮು ಗಟ್ಟಿಮುಟ್ಟಾಗಿದೆ, ಅಳಿಯನೇ ಸ್ವಲ್ಪ ಇಳಿದಿದ್ದಾನೆ ಅನ್ನೇ."

ಕಳೆದ ಸಲ ಬಂದಾಗ ಅವನು, ಹೆಂಡತಿ ಹಾಡುತ್ತಿದ್ದ ಜೋಗುಳದ ಕೊನೆಯ ಸಾಲು ಏನೆಂದು ಕೇಳಿದ್ದ. ಮುದುಕಿಗೆ ತಟ್ಟನೆ ಹೊಳೆದಿರಲಿಲ್ಲ. ಹುಡುಕಿಡುತ್ತೇನೆಂದು ಕೋಳಿಗೆ ಮಾತು ಕೊಟ್ಟಿದ್ದಳು. ಇವತ್ತು ಅವಳ ಉಸಿರು ಕುಂದಿದೆಯೆಂದು ಸುದ್ದಿ ಬಂದು ಓಡೋಡಿ ಬಂದಿದ್ದ.

ಅತ್ತೆಯ ಮೊಮ್ಮಗನ ಹೊಸ ಹೆಂಡತಿ ಅವೂರ್ ತಟ್ಟೆ ತಂದಿಟ್ಟಳು. ಮೆಕ್ಕೆಜೋಳದ ಮುದ್ದೆ, ಹಬೆಯಾಡುವ ಸಾರು.

"ಮನೆ ಅಳಿಯನಿಗೆ ಪ್ರತಿಸಲ ಬರೀ ಚಹಾ ಕೊಟ್ಟು ಕಳಿಸೋದಾ ಮಾವ? ನಮ್ಮ ತವರಲ್ಲಿ ಕೇಳಿದ್ರೆ ಉಗೀತಾರೆ. ಇದ್ದ ಕೋಳಿ ಕುಯ್ದೆ. ಒಂದು ಚೂರೂ ಬಿಡಬಾರದು."

ಅಳಿಯನಿಗೆಂದು ಕೊಯ್ದ ಕೋಳಿಯನ್ನು ಅಳಿಯ ಬೇಡವೆಂದರೆ ಮನೆಗೇ ಅವಮಾನ. ಕಸೇರ ತುತ್ತು ಬಾಯಿಗಿಟ್ಟ.

ಒಳಗಿನಿಂದ ಸುಬಾ ಮಾತಿನಲ್ಲಿ ಸಣ್ಣ ದನಿ ಬಂತು. "ಕೋಳೀ, ಅವರು ಬಂದರೇನೇ? ಆ ಸಾಲು ಸಿಕ್ಕಿತು." ಸ್ವಲ್ಪ ತಡೆದು ಮತ್ತೆ, "ಕೋಳೀ?"

ನೇರವಾಗಿ ಓಗೊಡಲು ಅವನ ನಾಲಿಗೆ ಏಳಲಿಲ್ಲ. ಬಾಯಲ್ಲಿದ್ದುದನ್ನು ನುಂಗಿ, ಗೋಡೆಯ ಬುಡಕ್ಕೆ ಬಗ್ಗಿ, ಆ ನರೆಗೂದಲ ಮನುಷ್ಯ ಮೆಲ್ಲಗೆ "ಕೊಕ್... ಕೊಕ್ಕೊಕ್" ಎಂದ.

ಮುದುಕಿ ಸುಬಾ ಬಿಟ್ಟು ಲುವೊದಲ್ಲಿ ಕೂಗಿ ಹೇಳಿದಳು:

"ಅವೂರ್, ಹೊರಗೆ ಯಾರೋ ಬಂದಿದ್ದಾರೆ ನೋಡು. ಅದು ನಮ್ಮ ಕೋಳಿ ಅಲ್ಲ. ಬಾಗಿಲು ಹಾಕಿಬಿಡು."