ಮಂಚದ ತೀರ್ಪು

ಆ ದಿನ ಬೆಳಿಗ್ಗೆ ನಾನು ಸಿಳ್ಳೆ ಹಾಕುತ್ತಾ ಎದ್ದೆ. ಅಷ್ಟರಲ್ಲಿ ನಿದ್ದೆ ಅಳೆಯುವ ನಮ್ಮ ಮಾತಾಡುವ ಮಂಚ ಎಂದಿನಂತೆ ತೀರ್ಪು ಹೇಳಿತು: "ಶ್ರೀಪಾದ ಅವರದು ತೀರಾ ಕಳಪೆ ನಿದ್ದೆ. ವಿಶಾಲಾಕ್ಷಿ ಅವರದು ಅಮೋಘ ನಿದ್ದೆ."

ಮಂಚ ಹೇಳಿದ ಮೇಲೆ ನಮ್ಮೂರಿನಲ್ಲಿ ಯಾರೂ ಎದುರಾಡುವುದಿಲ್ಲ. ನನಗೆ ತಕ್ಷಣ ತಲೆನೋವು ಶುರುವಾಯಿತು. ಆಫೀಸಿಗೆ ರಜೆ ಹೇಳಿ ಸೋಫಾದ ಮೇಲೆ ಉರುಳಿಕೊಂಡೆ.

ಹೆಂಡತಿ ವಿಶಾಲಾಕ್ಷಿಗೆ ಸಂಜೆ ಮೊದಲ ಸಂಗೀತ ಕಛೇರಿಯಿತ್ತು.

"ಕಣ್ಣು ಕೆಂಪಗಿದೆಯಲ್ಲೇ," ಎಂದೆ.

"ಅಮೋಘ ನಿದ್ದೆ ಅಂತ ಮಂಚಾನೇ ಹೇಳ್ತಲ್ರೀ. ಇನ್ನು ನಂಗೆ ಯಾವ ಭಯಾನೂ ಇಲ್ಲ," ಎಂದು ತಂಬೂರಿ ಶ್ರುತಿ ಮಾಡತೊಡಗಿದಳು.

ಆಗ ನೆನಪಾಯಿತು. ಫ್ಯಾನ್ ಗಾಳಿಗೆ ಗಂಟಲು ಕಟ್ಟೀತೆಂದು ರಾತ್ರಿ ಅವಳು ನನ್ನ ಜಾಗದಲ್ಲಿ ಮಲಗಿದ್ದಳು, ನಾನು ಅವಳ ಜಾಗದಲ್ಲಿ. ಮಂಚಕ್ಕೆ ಗೊತ್ತಿರುವುದು ಜಾಗ ಮಾತ್ರ. ಗೊರಕೆ ಹೊಡೆದವನು ನಾನು, ಅದನ್ನು ಕೇಳುತ್ತಾ ಹೊರಳಾಡಿದವಳು ಅವಳು! ನನ್ನ ತಲೆನೋವು ಆ ಕ್ಷಣವೇ ಮಾಯವಾಯಿತು.

ಹೇಳಲು ಬಾಯಿ ತೆರೆದೆ. ಅವಳ ಮುಖದ ಧೈರ್ಯ ನೋಡಿ, "ಅಯ್ಯೋ, ತಲೆ ಸಿಡೀತಿದೆ ಕಣೇ," ಎಂದು ನರಳಿದೆ.

ಸಂಜೆ ಅವಳು ಎಷ್ಟು ಚೆನ್ನಾಗಿ ಹಾಡಿದಳೆಂದರೆ ಚಪ್ಪಾಳೆ ನಿಲ್ಲಲೇ ಇಲ್ಲ. ಮನೆಗೆ ಬಂದವಳೇ, "ಪಾಪ, ನಿದ್ದೆಗೆಟ್ಟಿದ್ರೂ ಬಂದು ಕೂತಿದ್ರಲ್ಲ," ಎಂದು ದೊಡ್ಡ ಲೋಟದ ತುಂಬ ಕಹಿ ಕಷಾಯ ಕೊಟ್ಟಳು.

ಒಂದು ಗುಟುಕೂ ಬಿಡದೆ ಕುಡಿದೆ.